ಜಲಪಾತದ ಬಿಳಿ ನೀರು ಪ್ರಿಂಟ್‌ನಲ್ಲೂ ಉಳಿಯಬೇಕೇ?

ಉಡುಪಿ ಜಿಲ್ಲೆಯ ಜೋಮ್ಲು ತೀರ್ಥ ಜಲಪಾತವಿರಲಿ, ಕೂಡ್ಲು ತೀರ್ಥವಿರಲಿ, ಫೋನಿನಲ್ಲಿ ಸೊಗಸಾಗಿದ್ದ ಚಿತ್ರ ಫ್ರೇಮಿಗೆ ಬರುವಾಗ ನೀರಿದ್ದಲ್ಲಿ ಬೋಳು ಕಾಗದ, ಕರಿ ಬಂಡೆಯಿದ್ದಲ್ಲಿ ಬೂದಿ ಬಣ್ಣ. ಹೆಚ್ಚಿನವರು ಎಡವುವುದು ಕಾಡಿನಲ್ಲಲ್ಲ, ಕಾಗದ ಆರಿಸುವಾಗ.

ಚಿತ್ರ ತೆಗೆಯುವ ಕೆಲಸ ಬೇಗ ಮುಗಿಯುತ್ತದೆ: ಮೋಡ ಕವಿದ ದಿನ, ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8ರಿಂದ ಎಫ್/11, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), 2 ಸೆಕೆಂಡಿನ ಟೈಮರ್. ಒದ್ದೆ ಬಂಡೆಯ ಹೊಳಪು ಇಳಿಸಲು ಪೋಲರೈಸರ್ ಫಿಲ್ಟರ್ ಬೇಕೇ ಬೇಕು. ಅದೇ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕು ನುಂಗುವುದರಿಂದ ಕಾಡಿನ ನೆರಳಿನಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಎಷ್ಟೋ ಸಲ ಬೇಕಾಗುವುದೇ ಇಲ್ಲ. ತಿರುಗಿಸಿ ಗಾಢತೆ ಬದಲಿಸುವ ಅಗ್ಗದ ವೇರಿಯೇಬಲ್ ಎನ್‌ಡಿ ಅಂತೂ ಬೇಡ. ಪೂರ್ತಿ ತಿರುಗಿಸಿದರೆ ಚಿತ್ರದ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಬೀಳುತ್ತದೆ. ನೀರು ರಭಸವಾಗಿದ್ದರೆ ಶಟರ್ 1/8ರಿಂದ 1/2 ಸೆಕೆಂಡ್ ಸಾಕು, ಡಿಸೆಂಬರಿನ ಸಪೂರ ಧಾರೆಗೆ 1 ಸೆಕೆಂಡ್. 10 ಸೆಕೆಂಡ್ ಇಟ್ಟರೆ ನೀರು ಹತ್ತಿಯಾಗುತ್ತದೆ. ಮಳೆಗಾಲದಲ್ಲಿ ಹೋಗುವ ಮುನ್ನ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ.

ಇನ್ನು ಫೈಲ್. ಸಾಮಾನ್ಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ. ಬಿಳಿ ಎಂದರೆ ಕಾಗದದ್ದೇ ಬಿಳಿ. ಪಿಕ್ಸೆಲ್ ಮೌಲ್ಯ 255 (ಅಪ್ಪಟ ಬಿಳಿ) ಆದಲ್ಲಿ ಶಾಯಿ ಬೀಳುವುದಿಲ್ಲ. ಹೊಳಪಿನ ಕಾಗದವನ್ನು ಓರೆಯಾಗಿ ಹಿಡಿದರೆ ಆ ಜಾಗ ಮಾತ್ರ ತೇಪೆಯಂತೆ ಎದ್ದು ಕಾಣುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ ನೀರಿನ ಅತಿ ಬೆಳಕಿನ ಭಾಗವನ್ನು 245ರ ಆಸುಪಾಸಿಗೆ ಇಳಿಸಿ.

ಕಾಗದಕ್ಕೆ ಬರೋಣ. ಕರಿ ಬಂಡೆ, ಕಡು ಹಸಿರು, ನಡುವೆ ಬಿಳಿ ಧಾರೆ ಇದ್ದರೆ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸಿನ ಬರೈಟಾ (ಬೇರಿಯಂ ಸಲ್ಫೇಟ್ ಲೇಪನದ) ಕಾಗದ. ಅದರಲ್ಲಿ ಕಪ್ಪು ಆಳವಾಗಿ ಬರುತ್ತದೆ. ಮಂಜು, ತುಂತುರು ತುಂಬಿದ ಚಿತ್ರಕ್ಕೆ ಮ್ಯಾಟ್ ಕಾಟನ್ ರ‍್ಯಾಗ್ (ಹೊಳಪಿಲ್ಲದ, ಹತ್ತಿ ನಾರಿನ ಕಾಗದ). ಮ್ಯಾಟ್‌ನಲ್ಲಿ ಕಪ್ಪು ಸ್ವಲ್ಪ ತೆಳುವಾಗುತ್ತದೆ, ನೆರಳಿನ ವಿವರ ಮುಳುಗುತ್ತದೆ. ಅದನ್ನು ಮೊದಲೇ ನೋಡಲು ಆ ಕಾಗದ ಮತ್ತು ಪ್ರಿಂಟರಿನ ಐಸಿಸಿ ಪ್ರೊಫೈಲ್ (ಬಣ್ಣ ಹೇಗೆ ಮೂಡುತ್ತದೆಂದು ತಿಳಿಸುವ ಫೈಲ್) ತರಿಸಿಕೊಂಡು ಸಾಫ್ಟ್ ಪ್ರೂಫ್ (ಪರದೆಯಲ್ಲೇ ಪ್ರಿಂಟಿನ ಮುನ್ನೋಟ) ಮಾಡಿ. ಪ್ರೊಫೈಲ್ ಕೇಳಿದರೆ ಮುಖ ಮುಖ ನೋಡುವ ಅಂಗಡಿಗೆ ಫೈಲ್ ಕೊಡಬೇಡಿ. ಕ್ಯಾನ್ವಾಸ್ ಬೇಡ, ನೀರಿನ ನವಿರು ಎಳೆಗಳೆಲ್ಲ ಅದರ ನೇಯ್ಗೆಯಲ್ಲಿ ಕಳೆದುಹೋಗುತ್ತವೆ.

ಕಾಗದ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದರೆ ಅನುಮಾನಪಡಿ. ಖೋಟಾ ನೋಟು ಹಿಡಿಯುವ ಯುವಿ ಟಾರ್ಚನ್ನು ಕತ್ತಲಲ್ಲಿ ಅದರ ಮೇಲೆ ಬಿಡಿ. ನೀಲಿಯಾಗಿ ಮಿನುಗಿದರೆ ಬಿಳಿ ಹೆಚ್ಚಿಸುವ ರಾಸಾಯನಿಕ ಬೆರೆಸಿದ್ದಾರೆ ಎಂದರ್ಥ. ಅದರ ಶಕ್ತಿ ವರ್ಷಗಳಲ್ಲಿ ಕುಂದಿದಂತೆ ಕಾಗದ ಹಳದಿಗೆ ತಿರುಗುತ್ತದೆ, ಜೊತೆಗೆ ನೀರೂ.

ದೊಡ್ಡ ಪ್ರಿಂಟಿಗೆ ಮೊದಲು ಚಿತ್ರದಲ್ಲಿ ಅತಿ ಬಿಳಿ ಮತ್ತು ಅತಿ ಕಪ್ಪು ಎರಡೂ ಬರುವ ಒಂದು ತುಂಡನ್ನು ಅಂತಿಮ ಅಳತೆಯಲ್ಲೇ ಎ4 ಹಾಳೆಗೆ ಹಾಕಿಸಿ. ಪಿಗ್ಮೆಂಟ್ ಶಾಯಿಯೇ (ಕರಗದ ಬಣ್ಣದ ಕಣಗಳಿರುವ ಶಾಯಿ) ಆಗಬೇಕು. ಮ್ಯಾಟ್ ಹಾಳೆಯ ಲೇಪನದ ಬದಿ ಯಾವುದೆಂದು ತಿಳಿಯದಿದ್ದರೆ ಒದ್ದೆ ಬೆರಳಿನಿಂದ ಮೂಲೆ ಮುಟ್ಟಿ; ಅಂಟುವ ಬದಿಗೇ ಪ್ರಿಂಟ್. ಒಂದು ದಿನ ಒಣಗಲು ಬಿಟ್ಟು, ಮನೆಯಲ್ಲಿ ಹಗಲು ಬೆಳಕಿನಲ್ಲೂ ದೀಪದಲ್ಲೂ ನೋಡಿ ತೀರ್ಮಾನಿಸಿ.

ನಮ್ಮ ಕರಾವಳಿಯ ತೇವಕ್ಕೆ ಬಿಚ್ಚಿಟ್ಟ ಹಾಳೆ ಸುರುಳಿ ಸುತ್ತುತ್ತದೆ, ಆಮೇಲೆ ಬೂಷ್ಟು. ಉಳಿದ ಹಾಳೆಗಳನ್ನು ಮೂಲ ಕವರಿನಲ್ಲೇ ಸಿಲಿಕಾ ಜೆಲ್ ಜೊತೆ ಗಾಳಿಯಾಡದಂತೆ ಮುಚ್ಚಿಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಪ್ರಿಂಟ್ ಗಾಜಿಗೆ ತಾಗಿದರೆ ಅಂಟಿಕೊಳ್ಳುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ. ಫ್ರೇಮಿನ ಹಿಂದೆ ಕೆಳಗಿನ ಎರಡೂ ಮೂಲೆಗೆ ಕಾರ್ಕ್ ಚೂರು ಅಂಟಿಸಿದರೆ ಮಳೆಗಾಲದ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.