ಲೈಸೆನ್ಸ್ ಇಲ್ಲದ ವೃತ್ತಿಯಲ್ಲಿ ನನ್ನ ಮಳೆ ಲೆಕ್ಕ

ನಮ್ಮ ದೇಶದಲ್ಲಿ ಹವಾಮಾನ ಸಲಹೆಗಾರರಿಗೆ ಲೈಸೆನ್ಸ್ ಅಂತ ಇಲ್ಲ. ಆಡಿಟರಿಗೆ ಇದೆ, ವಕೀಲರಿಗೆ ಇದೆ, ಔಷಧಿ ಅಂಗಡಿಗೂ ಇದೆ. ಅಮೆರಿಕದ ಹವಾಮಾನ ಸೊಸೈಟಿಯಲ್ಲಿ 1957ರಿಂದಲೇ ಸಲಹೆಗಾರರಿಗೆಂದು ಒಂದು ವ್ಯವಸ್ಥೆ ಇದೆ: ಲಿಖಿತ ಪರೀಕ್ಷೆ, ಸ್ವಂತ ಕೆಲಸದ ವರದಿ, ಆಮೇಲೆ ಮೌಖಿಕ. ಇಲ್ಲಿ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಚಿಂತಾಮಣಿಯಲ್ಲಿ ಕಚೇರಿ ತೆರೆದಾಗ ನಾನೂ ಹೆಸರಿನ ಮುಂದೆ ಎಂ.ಎಸ್ಸಿ. ಅಂತ ಬರೆಸಿದೆ. ಅದನ್ನು ಓದಿ ಒಳಗೆ ಬಂದವರು ಯಾರೂ ಇಲ್ಲ.

ಪದವಿ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ್ದು. ಈ ಸೀಮೆಯವರಿಗೆ ತೆಲುಗು ಸಲೀಸು. ಅಲ್ಲದೆ ನಮ್ಮ ಹಿಂಗಾರು ಮಳೆಗೆ ಬಂಗಾಳಕೊಲ್ಲಿಯೇ ತವರು. ಆಮೇಲೆ ಕೆಲವು ವರ್ಷ ಒಂದು ಖಾಸಗಿ ಕಂಪನಿಯಲ್ಲಿ, ಶಿಫ್ಟಿನಲ್ಲಿ ಕೂತು ಉಪಗ್ರಹ ಚಿತ್ರ ನೋಡುವ ಕೆಲಸ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಸಲಹೆ ಕೊಡುವುದನ್ನು ಕಲಿಸಿದವರು ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರು.

"ಮಳೆ ಬರುತ್ತಾ ಇಲ್ವಾ, ಅಷ್ಟು ಹೇಳಿ ಮೇಡಂ." ಎಲ್ಲರದೂ ಇದೇ ಪ್ರಶ್ನೆ. ಶೇ 30 ಸಾಧ್ಯತೆ ಅಂದರೆ "ಹಂಗಾದ್ರೆ ಬರಲ್ಲ ಬಿಡಿ" ಅಂತ ಫೋನ್ ಇಡುತ್ತಿದ್ದರು. ಹಾಗಾಗಿ ನಾನೇ ಮೊದಲು ಪ್ರಶ್ನೆ ಕೇಳತೊಡಗಿದೆ: ಔಷಧಿ ಹೊಡೆಯೋಕೆ ಎಷ್ಟಾಗುತ್ತೆ? ಹೊಡೆಯದೆ ಮಳೆ ಬಂದು ಡೌನಿ (ದ್ರಾಕ್ಷಿಯ ಬೂಷ್ಟು ರೋಗ) ಹತ್ತಿದರೆ ಎಷ್ಟು ಹೋಗುತ್ತೆ? ಖರ್ಚು 3,000 ರೂಪಾಯಿ, ನಷ್ಟ 15,000 ಅಂತಿಟ್ಟುಕೊಳ್ಳಿ. ಖರ್ಚನ್ನು ನಷ್ಟದಿಂದ ಭಾಗಿಸಿದರೆ ಐದರಲ್ಲೊಂದು ಪಾಲು. ಅಂದರೆ ಮಳೆಯ ಸಾಧ್ಯತೆ ಶೇ 20 ದಾಟಿತೋ, ಹೊಡೆಯುವುದೇ ಲಾಭ. ನಷ್ಟ ಅಷ್ಟೇ ಇದ್ದು ಖರ್ಚು 9,000 ಆಗುವವರಿಗೆ ಆ ಗೆರೆ ಶೇ 60, ಹಾಗಾಗಿ ಶೇ 30 ಅಂದರೆ ಕಾಯುವುದು ಲಾಭ. ಮುನ್ಸೂಚನೆ ಒಂದೇ, ಸಲಹೆ ಎರಡು. ಇದು ಅರ್ಥವಾದ ಮೇಲೆ ಬೆಳೆಗಾರರು "ಬರುತ್ತಾ" ಅನ್ನುವುದು ಬಿಟ್ಟು "ಎಷ್ಟು ಪರ್ಸೆಂಟು ಮೇಡಂ" ಅನ್ನತೊಡಗಿದರು.

ಆ ಪರ್ಸೆಂಟು ಹುಟ್ಟಿಸುವುದು ಮೊಬೈಲ್ ನೋಡಿದಷ್ಟು ಸುಲಭವಲ್ಲ. ಚೆನ್ನೈ ರಡಾರ್ ನಮಗೆ ಸುಮಾರು ಇನ್ನೂರೈವತ್ತು ಕಿ.ಮೀ. ದೂರ. ಭೂಮಿ ದುಂಡಗಿರುವುದರಿಂದ ಅದರ ಅತಿ ತಗ್ಗಿನ ಕಿರಣವೂ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಕಿ.ಮೀ.ಗೂ ಹೆಚ್ಚು ಮೇಲೇರಿರುತ್ತದೆ. ಮೇ ತಿಂಗಳ ಗುಡುಗು ಮೋಡ ಹತ್ತು ಕಿ.ಮೀ. ದಾಟಿ ಬೆಳೆಯುವುದರಿಂದ ಸಿಕ್ಕಿಬೀಳುತ್ತದೆ. ನವೆಂಬರಿನ ಜಡಿ ಮಳೆ, ನಮ್ಮವರು "ಸೈಕ್ಲೋನ್ ಹಿಡ್ಕೊಂಡಿದೆ" ಅನ್ನುತ್ತಾರಲ್ಲ, ಅದು ಎಷ್ಟೋ ಸಲ ತಗ್ಗು ಮೋಡದ್ದು. ಪರದೆ ಖಾಲಿ, ತೋಟದಲ್ಲಿ ಎಲೆಯೆಲ್ಲ ಒದ್ದೆ. ಡೌನಿಗೆ ಬೇಕಾದದ್ದು ಆ ಒದ್ದೆಯೇ. ಅದಕ್ಕೇ ಗ್ರಾಹಕರ ತೋಟಗಳಲ್ಲಿ ಮಳೆಮಾಪಕ, ಎಲೆ ತೇವದ ಸೆನ್ಸರ್ ಹಾಕಿಸಿದೆ.

ಮಾವಿನ ವಿಮೆ ವಿಚಾರಕ್ಕೆ ಬರುವವರದು ಬೇರೆ ಕಷ್ಟ. 2016ರಲ್ಲಿ ಬಂದ ಮರುವಿನ್ಯಾಸಗೊಂಡ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಂತಿರುವುದು ನಿಗದಿಯಾದ ಹವಾಮಾನ ಕೇಂದ್ರದ ಅಳತೆಯ ಮೇಲೆ. ನಿಮ್ಮ ತೋಟದಲ್ಲಿ ಬಿದ್ದದ್ದು ಲೆಕ್ಕಕ್ಕಿಲ್ಲ. ನಾನು ಮೊದಲು ಹೋಗಿ ಆ ಮಾಪಕ ನೋಡುತ್ತೇನೆ. ಪಕ್ಕದ ಮರ ಅಥವಾ ಗೋಡೆ ತನ್ನ ಎತ್ತರದ ಎರಡರಷ್ಟಾದರೂ ದೂರ ಇರಬೇಕು. ಇಲ್ಲದಿದ್ದರೆ ಅಕ್ಕಪಕ್ಕದ ಪಂಚಾಯಿತಿಗಳ ಅಳತೆ ಜೊತೆಗಿಟ್ಟು ಹೋಲಿಸಿ ವರದಿ ಬರೆಯುತ್ತೇನೆ.

ಇನ್ನೊಂದು, ವಕೀಲರೂ ಎಡವುವ ಜಾಗ: ತಾರೀಖು. ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯದ್ದು. 18ರ ಸಂಜೆ ಸುರಿದ ಮಳೆ ದಾಖಲೆಯಲ್ಲಿ 19ರದ್ದು. 2021ರ ನವೆಂಬರ್ ಮಳೆಯಲ್ಲಿ ಕೆಲಸ ನಿಂತಿತು ಅನ್ನುವ ಒಬ್ಬ ಗುತ್ತಿಗೆದಾರರ ವ್ಯಾಜ್ಯದಲ್ಲಿ ಅರ್ಧ ಜಗಳ ಈ ಒಂದು ದಿನದ್ದೇ ಆಗಿತ್ತು. ಉಳಿದರ್ಧ, ಯಾವುದನ್ನು ಭಾರಿ ಮಳೆ ಅನ್ನಬೇಕು ಅನ್ನುವುದು. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಆದರೆ ಭಾರಿ, 2.5 ಆದರೆ ಅದು ಬರೀ 'ಮಳೆ ದಿನ'.

ಅಲ್ಲಿ ಎದುರು ಪಕ್ಷದ ವಕೀಲರು ಕೇಳಿದರು: "ನಿಮಗೆ ಸರ್ಕಾರದ ಮಾನ್ಯತೆ ಇದೆಯೇ ಮೇಡಂ?" ಇಲ್ಲ ಅಂದೆ. ತಜ್ಞರ ಅಭಿಪ್ರಾಯದ ಬಗ್ಗೆ ಈಗಿರುವುದು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್. ಅದು ವಿಶೇಷ ಪರಿಣತಿ ಕೇಳುತ್ತದೆ, ಲೈಸೆನ್ಸ್ ಕೇಳುವುದಿಲ್ಲ. ಕಂಪ್ಯೂಟರಿನ ದತ್ತಾಂಶಕ್ಕೆ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಮಾತ್ರ ಮರೆಯಬಾರದು. ಪರಿಣತಿಗೆ ನಾನು ತೋರಿಸಿದ್ದು ಒಂದು ಲೆಡ್ಜರ್. ಪ್ರತಿ ಬೆಳಗ್ಗೆ ಕೊಟ್ಟ ಸಂಖ್ಯೆ ಎಡಕ್ಕೆ, ಮರುದಿನ 8.30ರ ಅಳತೆ ಬಲಕ್ಕೆ. ಶೇ 70 ಅಂದ ದಿನಗಳನ್ನೆಲ್ಲ ಕೂಡಿಸಿ ನೋಡಿದರೆ ಹತ್ತರಲ್ಲಿ ಏಳು ದಿನದ ಆಸುಪಾಸು ಮಳೆ ಬಂದಿರಬೇಕು. ಹತ್ತಕ್ಕೆ ಹತ್ತೂ ಬಂದಿದ್ದರೂ ಅದು ದೋಷವೇ, ನಾನು ಅಂಜಿ ಕಡಿಮೆ ಹೇಳಿದ್ದೇನೆ ಅಂತ. ವಕೀಲರು ಪುಟ ತಿರುವಿದರು, ಮುಂದಿನ ಪ್ರಶ್ನೆಗೆ ಹೋದರು.

ಫೀಸಿನ ವಿಷಯ ಕೇಳುವವರಿದ್ದಾರೆ, ಹೇಳಿಬಿಡುತ್ತೇನೆ. ದ್ರಾಕ್ಷಿಯವರು ಬೆಳೆಗಿಷ್ಟು ಅಂತ ಕೊಡುತ್ತಾರೆ. ಟೊಮೆಟೊದವರು ಕೋಲಾರ ಮಂಡಿಯ ರೇಟು ನೋಡಿಕೊಂಡು. ಮನೆ ನಡೆಯುವುದು ಪಾವಗಡ ಕಡೆಯ ಸೋಲಾರ್‌ನವರಿಂದ: ನಾಳೆಯ 24 ಗಂಟೆಯನ್ನು 15 ನಿಮಿಷದಂತೆ 96 ತುಂಡು ಮಾಡಿ ಬಿಸಿಲಿನ ಅಂದಾಜು ಕೊಟ್ಟರೆ ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತದೆ.