ಶಿರಸಿಯ ಮಳೆಯಲ್ಲಿ ಕಟ್ಟಿದ ಹಡಗಿನ ಚೀಲ

ಕುಮಟಾ ನಿಲ್ದಾಣದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಅಷ್ಟರೊಳಗೆ ತಲಾ 18 ಕಿಲೋ ತೂಗುವ ಎರಡು ಟ್ರಾಲಿ ಬ್ಯಾಗು, ತಿಂಡಿಯ ಕೈಚೀಲ, ನೀರಿನ ಬಾಟಲಿ ಇವಿಷ್ಟನ್ನೂ ಬೋಗಿಯ ಎತ್ತರದ ಮೆಟ್ಟಿಲಿಗೆ ಏರಿಸಿ ನಾವೂ ಏರಬೇಕಾಗಿತ್ತು. ನನ್ನವರು ಒಂದು ಬ್ಯಾಗನ್ನು ಮೇಲಕ್ಕೆ ತಳ್ಳುವಾಗ ಸೊಂಟ ಹಿಡಿದುಕೊಂಡಿತು. ಮುಂಬೈಯಿಂದ ಹೊರಡುವ ಮೂರು ರಾತ್ರಿಯ ಹಡಗುಯಾನವೊಂದಕ್ಕೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ನಾವು ಹೊರಟಿದ್ದು ಹೀಗೆ. ಎರಡು ವರ್ಷಗಳ ನಂತರ ಐದು ರಾತ್ರಿಯ ಯಾನಕ್ಕೆ ಹೋದಾಗ ನನ್ನ ಬೆನ್ನಿಗಿದ್ದ ಒಂದೇ ಚೀಲ 6 ಕಿಲೋ 200 ಗ್ರಾಂ ತೂಗುತ್ತಿತ್ತು. ಈ ನಡುವೆ ಏನು ಕಲಿತೆ ಎಂಬುದನ್ನು ನಮ್ಮ ಕಡೆಯಿಂದ ಹಡಗಿಗೆ ಹೊರಡುವವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಯಾನದ ತೊಂದರೆ ರೈಲಿಗೇ ಮುಗಿಯಲಿಲ್ಲ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ, ಮುಂಬೈಯ ಎಷ್ಟೋ ಟ್ಯಾಕ್ಸಿಗಳಂತೆ ಅದರ ಡಿಕ್ಕಿಯ ಮುಕ್ಕಾಲು ಭಾಗವನ್ನು ಸಿಎನ್‌ಜಿ ಸಿಲಿಂಡರ್ ಆವರಿಸಿತ್ತು. ಒಂದು ಬ್ಯಾಗು ಚಾವಣಿಯ ಮೇಲೆ ಹೋಯಿತು, ಇನ್ನೊಂದನ್ನು ಬ್ಯಾಲಾರ್ಡ್ ಪಿಯರ್ ತಲುಪುವವರೆಗೆ ತೊಡೆಯ ಮೇಲಿಟ್ಟುಕೊಂಡೆ. ಹಡಗುಕಟ್ಟೆಯಲ್ಲಿ ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಒಯ್ಯುತ್ತಾರೆ, ತಪಾಸಣೆಯಾದ ಮೇಲೆ ಅವು ನಮ್ಮ ಕೋಣೆಯ ಬಾಗಿಲಿಗೆ ಬರುತ್ತವೆ. ಆದರೆ ಸಾವಿರಾರು ಬ್ಯಾಗುಗಳ ನಡುವೆ ನಮ್ಮದು ಬರಲು ರಾತ್ರಿ ಒಂಬತ್ತಾಯಿತು. ನನ್ನವರ ರಕ್ತದೊತ್ತಡದ ಮಾತ್ರೆ ಅದರ ತಳದಲ್ಲಿತ್ತು. ಆ ಕೆಲವು ತಾಸುಗಳ ಆತಂಕವನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕೂ ಮೊದಲು, ಕಷಾಯ ಮಾಡಿಕೊಳ್ಳಲೆಂದು ಇಟ್ಟುಕೊಂಡಿದ್ದ ಸಣ್ಣ ವಿದ್ಯುತ್ ಕೆಟಲ್ಲನ್ನು ತಪಾಸಣೆಯಲ್ಲಿ ತೆಗೆದಿರಿಸಿ ರಸೀದಿ ಕೊಟ್ಟಿದ್ದರು. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಭಯ ಹಡಗಿನವರಿಗೆ ಇಲ್ಲವಾದ್ದರಿಂದ ಕೆಟಲ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮೇಣದ ಬತ್ತಿ ಇಂಥವನ್ನು ಕೋಣೆಗೆ ಬಿಡುವುದಿಲ್ಲ. ನಾವು ಹೋದ ಹಡಗಿನಲ್ಲಿ ಮನೆಯಲ್ಲಿ ಮಾಡಿದ ತಿಂಡಿಗೂ ಪ್ರವೇಶವಿರಲಿಲ್ಲ. ಜತನದಿಂದ ಒಯ್ದಿದ್ದ ತೊಡೆದೇವಿನ ಡಬ್ಬಿಯನ್ನು, ಬ್ಯಾಗು ಎತ್ತಿಕೊಟ್ಟ ಕೂಲಿಯವರ ಕೈಗಿತ್ತು ಮುಂದೆ ನಡೆದೆವು.

ಮರಳಿ ಬಂದ ಮೇಲೆ, ಬಟ್ಟೆಗಳನ್ನು ಕಪಾಟಿಗೆ ಸೇರಿಸುವ ಮೊದಲು, ಉಟ್ಟವನ್ನು ಒಂದು ಕಡೆ, ಉಡದವನ್ನು ಇನ್ನೊಂದು ಕಡೆ ಇಟ್ಟು ಎಣಿಸಿದೆ. ನನ್ನ ಬ್ಯಾಗಿನಲ್ಲಿದ್ದ 23 ಉಡುಪುಗಳಲ್ಲಿ ಮೈಮೇಲೆ ಬಂದವು ಒಂಬತ್ತು. ಎರಡು ಟರ್ಕಿ ಟವೆಲ್ಲುಗಳನ್ನು ಬಿಡಿಸಿಯೇ ಇರಲಿಲ್ಲ. ಹಾಸಿಗೆ, ಹೊದಿಕೆ, ಟವೆಲ್, ಸೋಪು, ಶಾಂಪೂ ಎಲ್ಲವನ್ನೂ ಹಡಗಿನವರು ಕೊಡುತ್ತಾರೆ, ಈಜುಕೊಳದ ಬಳಿ ಬೇರೆಯೇ ಟವೆಲ್ ಇರುತ್ತದೆ. ಹಾಗಾದರೆ ಅಷ್ಟು ಬಟ್ಟೆ ಏಕೆ ತುಂಬಿದೆ ಎಂದು ಯೋಚಿಸಿದಾಗ, ದಿನಕ್ಕೊಂದು ಜೊತೆ, ಸಂಜೆಗೊಂದು ಜೊತೆ, ಮೇಲೆ ‘ಇರಲಿ’ ಎಂದು ಒಂದು ಜೊತೆ ಎಂಬ ಮದುವೆಮನೆಯ ಲೆಕ್ಕವನ್ನು ನಾನು ಹಡಗಿಗೂ ಹಾಕಿದ್ದೆ ಎಂಬುದು ಸ್ಪಷ್ಟವಾಯಿತು. ಒಗೆದು ಒಣಗಿಸಿಕೊಳ್ಳಬಹುದು ಎಂಬ ಯೋಚನೆಯೇ ಬಂದಿರಲಿಲ್ಲ. ಬಂದಿದ್ದರೂ, ಉಪ್ಪುಗಾಳಿಯಲ್ಲಿ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಬಟ್ಟೆ ಒಣಗುವುದೇ ಎಂಬ ಸಂಶಯ ಬಿಡುತ್ತಿರಲಿಲ್ಲ.

ಆ ಸಂಶಯ ಬಗೆಹರಿದದ್ದು ಮುಂದಿನ ಆಷಾಢದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಮನೆ ನಡೆಸಿದವರಿಗೆ ಯಾವ ಬಟ್ಟೆ ಒಣಗುತ್ತದೆ, ಯಾವುದು ಮುಗ್ಗಲು ಹಿಡಿಯುತ್ತದೆ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಂದೇ ದಿನ ಹರಡಿದ ಬಟ್ಟೆಗಳಲ್ಲಿ ಕೆಲವನ್ನು ಮರುದಿನವೇ ಮಡಚಿಡುತ್ತೇವೆ, ಕೆಲವು ವಾರವಿಡೀ ಅಲ್ಲೇ ನೇತಾಡುತ್ತಿರುತ್ತವೆ. ಈ ಅರಿವನ್ನು ಅಳತೆಗೆ ತರಬೇಕೆನಿಸಿತು. ಒಲೆಯ ಬಿಸಿ ತಾಗದ ಒಳಜಗಲಿಯಲ್ಲಿ ಹಗ್ಗ ಕಟ್ಟಿ, ಒಯ್ಯಬಹುದಾದ ಒಂದೊಂದು ಬಟ್ಟೆಯನ್ನೂ ರಾತ್ರಿ ಊಟವಾದ ಮೇಲೆ ಒಗೆದು ಹಾಕಿ, ಒಣಗಲು ಹಿಡಿದ ಸಮಯವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ನನ್ನವರ ಜೀನ್ಸ್ ಪ್ಯಾಂಟು ಮೂರನೆಯ ದಿನವೂ ಸೊಂಟಪಟ್ಟಿಯಲ್ಲಿ ಹಸಿಯಾಗಿತ್ತು. ಟರ್ಕಿ ಟವೆಲ್ಲಿಗೆ ಎರಡು ದಿನ, ದಪ್ಪ ಹತ್ತಿಯ ಟೀ ಶರ್ಟಿಗೆ ಒಂದೂವರೆ ದಿನ ಬೇಕಾಯಿತು. ಜಾರ್ಜೆಟ್ ಸೀರೆ, ಪಾಲಿಯೆಸ್ಟರ್ ಬೆರಕೆಯ ಕುರ್ತಾ, ಅದೇ ಬಗೆಯ ಅಂಗಿ ಇವು ಬೆಳಗಾಗುವಷ್ಟರಲ್ಲಿ ಉಡುವಂತಿದ್ದವು. ಹತ್ತಿಯ ನೂಲು ನೀರನ್ನು ತನ್ನ ಎಳೆಯೊಳಕ್ಕೇ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರಿನಲ್ಲಿ ನೀರು ಎಳೆಗಳ ನಡುವೆ ಮಾತ್ರ ನಿಲ್ಲುವುದರಿಂದ ಹಿಂಡಿದರೆ ಹೆಚ್ಚಿನ ಪಾಲು ಹೊರಬರುತ್ತದೆ. ಹತ್ತಿಯದಾಗಿಯೂ ರಾತ್ರಿಯೊಳಗೆ ಒಣಗಿದ್ದು ಮೈ ಒರೆಸುವ ಪಾಣಿಪಂಚೆ ಒಂದೇ. ಬೆಳಕಿಗೆ ಹಿಡಿದರೆ ಆಚೆಯ ಕೈ ಕಾಣುವಷ್ಟು ತೆಳುವಾದ ನೇಯ್ಗೆ ಅದರದು.

ಅಡಿಕೆ ಚೀಲ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಸಣ್ಣ ತೂಕ ತಿಳಿಯುವುದಿಲ್ಲವಾದ್ದರಿಂದ ಅಡುಗೆಮನೆಯ ಪುಟ್ಟ ತೂಕದ ಯಂತ್ರದ ಮೇಲೆ ಒಂದೊಂದನ್ನೂ ಇಟ್ಟು ನೋಡಿದೆ. ಜೀನ್ಸ್ 700 ಗ್ರಾಂ, ಟರ್ಕಿ ಟವೆಲ್ 500, ರೇಷ್ಮೆ ಸೀರೆ 750, ಜಾರ್ಜೆಟ್ ಸೀರೆ 400, ಪಾಣಿಪಂಚೆ 120. ಬೇಗ ಒಣಗುವ ಬಟ್ಟೆಯೇ ಹಗುರವಾದ ಬಟ್ಟೆಯೂ ಆಗಿರುವುದು ಆಗ ಅಂಕಿಗಳಲ್ಲಿ ಕಂಡಿತು. ಎಲ್ಲಕ್ಕಿಂತ ಬೆರಗಾದದ್ದು ಖಾಲಿ ಟ್ರಾಲಿ ಬ್ಯಾಗಿನ ತೂಕದಿಂದ. ಅದೊಂದೇ 4 ಕಿಲೋ ಇತ್ತು. ಮಗನ ಹಳೆಯ ಬೆನ್ನುಚೀಲ 900 ಗ್ರಾಂ. ಬೇರೇನನ್ನೂ ಕಡಿಮೆ ಮಾಡದೆ ಚೀಲ ಬದಲಿಸಿದ ಮಾತ್ರಕ್ಕೆ 3 ಕಿಲೋ ಇಳಿಯಿತು.

ಎರಡನೆಯ ಯಾನ ಡಿಸೆಂಬರಿನಲ್ಲಿ, ಮುಂಬೈಯಿಂದ ಕೊಚ್ಚಿ, ಅಲ್ಲಿಂದ ಲಕ್ಷದ್ವೀಪದ ಅಗತ್ತಿ, ಮತ್ತೆ ಮುಂಬೈ. ಮೈಮೇಲೊಂದು ಚೂಡಿದಾರ, ಕಾಲಿಗೆ ಬೂಟು. ಚೀಲದಲ್ಲಿ ಎರಡು ಕುರ್ತಾ, ಒಂದು ಸಲ್ವಾರ್, ರಾತ್ರಿಯುಡುಪು ಒಂದು, ಒಳ ಉಡುಪು ಮೂರು ಜೊತೆ, ಜಾರ್ಜೆಟ್ ಸೀರೆ ಒಂದು, ಅದರ ರವಿಕೆ ಮತ್ತು ಲಂಗ, ಶಾಲು, ರಬ್ಬರ್ ಚಪ್ಪಲಿ, ಪಾಣಿಪಂಚೆ. ಒಂದು ಸಂಜೆ ಊಟದ ಸಭಾಂಗಣಕ್ಕೆ ಎಲ್ಲರೂ ವಿಶೇಷ ಉಡುಗೆಯಲ್ಲಿ ಬರುವ ರೂಢಿಯಿದೆ. ಅದಕ್ಕಾಗಿ ರೇಷ್ಮೆ ಸೀರೆ ಬೇಕೇ ಬೇಕೆಂದು ತಂಗಿ ಒತ್ತಾಯಿಸಿದ್ದಳು. ಕಡುನೀಲಿ ಜಾರ್ಜೆಟ್‌ಗೆ ಅಮ್ಮನ ಹವಳದ ಸರ ಹಾಕಿಕೊಂಡು ಹೋದೆ, ಒಂದಿಷ್ಟೂ ಕೊರತೆ ಅನ್ನಿಸಲಿಲ್ಲ. ಮುದುಡದ ಬಟ್ಟೆಯಾದ್ದರಿಂದ ಇಸ್ತ್ರಿಯ ಚಿಂತೆಯೂ ಇರಲಿಲ್ಲ. ಶಾಲನ್ನು ಮಾತ್ರ ಯಾರೂ ಬಿಡಬಾರದು. ಹೊರಗೆ ಬಿಸಿಲು ಸುಡುತ್ತಿದ್ದರೂ ಊಟದ ಕೋಣೆ, ನಾಟ್ಯಶಾಲೆ ಎಲ್ಲ ಕಡೆ ಹವಾನಿಯಂತ್ರಣದ ಚಳಿ ಮಾಘದ ನಸುಕನ್ನು ನೆನಪಿಸುತ್ತದೆ.

ಒಗೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಚೀಲದ ಹಗುರತನ ನಿಂತಿರುವುದು ಇದರ ಮೇಲೆಯೇ. ರಾತ್ರಿ ಸ್ನಾನದ ಹೊತ್ತಿಗೆ ಅಂದಿನ ಕುರ್ತಾ ಮತ್ತು ಒಳ ಉಡುಪನ್ನು ಕೈತೊಳೆಯುವ ಬೇಸಿನ್ನಿನಲ್ಲಿ ಒಗೆದು, ಕೈಯಿಂದ ಸಾಧ್ಯವಾದಷ್ಟು ಹಿಂಡುತ್ತಿದ್ದೆ. ಆಮೇಲೆ ಹಡಗಿನವರು ಕೊಟ್ಟ, ಮೈ ಒರೆಸಿಯಾದ ದಪ್ಪ ಟವೆಲ್ಲನ್ನು ಹಾಸಿ, ಅದರ ಮೇಲೆ ಕುರ್ತಾವನ್ನು ಹರಡಿ, ಚಾಪೆಯಂತೆ ಎರಡನ್ನೂ ಒಟ್ಟಿಗೆ ಸುತ್ತಿ, ಆ ಸುರುಳಿಯನ್ನು ಮೊಣಕಾಲಿನಿಂದ ಒತ್ತುತ್ತ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುತ್ತಿದ್ದೆ. ಬಿಚ್ಚಿದಾಗ ಟವೆಲ್ ಭಾರವಾಗಿರುತ್ತಿತ್ತು, ಕುರ್ತಾ ಬರಿಯ ತಂಪಾಗಿರುತ್ತಿತ್ತು. ಬಚ್ಚಲಿನಲ್ಲಿ ಎಳೆದು ಕಟ್ಟುವ ದಾರವೊಂದು ಇದ್ದರೂ ಅಲ್ಲಿ ಸ್ನಾನದ ಹಬೆ ತುಂಬಿರುತ್ತದೆ, ಬಟ್ಟೆ ಬೆಳಗ್ಗೆಯೂ ಹಸಿಯಾಗಿಯೇ ಉಳಿಯುತ್ತದೆ. ಕೋಣೆಯ ಗೋಡೆಗಳು ಉಕ್ಕಿನವಾದ್ದರಿಂದ ಅಯಸ್ಕಾಂತದ ಕೊಕ್ಕೆಗಳು ಗಟ್ಟಿಯಾಗಿ ಹಿಡಿಯುತ್ತವೆ. ಅಂಥ ನಾಲ್ಕು ಕೊಕ್ಕೆಗಳನ್ನು ಹವಾನಿಯಂತ್ರಣದ ಗಾಳಿ ಬೀಳುವ ಕಡೆ ಅಂಟಿಸಿ ಬಟ್ಟೆ ತೂಗುಹಾಕಿದೆ. ಆ ಗಾಳಿಯಲ್ಲಿ ತೇವ ಕಡಿಮೆ. ಶಿರಸಿಯ ಜಗಲಿಯಲ್ಲಿ ಬೆಳಗಿನವರೆಗೆ ಕಾಯಿಸಿದ ಕುರ್ತಾ ಇಲ್ಲಿ ನಡುರಾತ್ರಿ ಎದ್ದು ಮುಟ್ಟಿದಾಗಲೇ ಒಣಗಿತ್ತು.

ಹಡಗು ಏರಿದ ಮೊದಲ ದಿನಕ್ಕೆ ಬೇಕಾದುದೆಲ್ಲ ಚೀಲದ ಮುಂದಿನ ಕಿಸೆಯಲ್ಲಿತ್ತು. ನನ್ನವರ ಮಾತ್ರೆಗಳನ್ನು, ಯಾನದ ದಿನಗಳ ಮೇಲೆ ಇನ್ನೂ ಮೂರು ದಿನಕ್ಕಾಗುವಷ್ಟು, ವೈದ್ಯರ ಚೀಟಿಯ ಜೊತೆ ಇಟ್ಟಿದ್ದೆ. ಸಮುದ್ರ ಅಲುಗಾಡಿಸಿದಾಗ ವಾಂತಿ ಬಾರದಿರಲು ವೈದ್ಯರು ಬರೆದುಕೊಟ್ಟ ಮಾತ್ರೆಯೂ ಅಲ್ಲೇ ಇತ್ತು. ಅದನ್ನು ತಲೆ ಸುತ್ತಲು ಶುರುವಾದ ಮೇಲಲ್ಲ, ಮೊದಲೇ ನುಂಗಬೇಕು. ಹಡಗಿನ ನಡುಭಾಗದ ಕೆಳ ಅಂತಸ್ತುಗಳಲ್ಲಿ ತೂಗಾಟ ಕಡಿಮೆಯಾದ್ದರಿಂದ ಈ ಸಲ ಅಂಥ ಕೋಣೆಯನ್ನೇ ಕೇಳಿ ಪಡೆದಿದ್ದೆವು. ಗುರುತಿನ ಚೀಟಿಯ ಮೂಲಪ್ರತಿ, ಹಡಗಿನ ಟಿಕೆಟ್, ಲಕ್ಷದ್ವೀಪ ಪ್ರವೇಶಕ್ಕೆ ಬೇಕಾದ ಅನುಮತಿಯ ಕಾಗದ ಮೂರನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿದ್ದೆ. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಹಡಗಿನದೇ ಜಾಲಕ್ಕೆ ಫೋನು ತಾನಾಗಿ ಸೇರಿಕೊಂಡರೆ ಬಿಲ್ಲು ದುಬಾರಿಯಾಗಿ ಬರುತ್ತದೆ. ಆದ್ದರಿಂದ ಫ್ಲೈಟ್ ಮೋಡ್‌ಗೆ ಹಾಕಿಬಿಡುವುದು ಒಳ್ಳೆಯದು. ತಿಂಡಿಯ ವಿಷಯದಲ್ಲಿ, ರೈಲಿನಲ್ಲಿ ಮುಗಿಯುವಷ್ಟು ಒಗ್ಗರಣೆ ಅವಲಕ್ಕಿ ಮಾತ್ರ ಕಟ್ಟಿಕೊಂಡೆವು.

ಹಗುರವಾದ ಚೀಲದ ನಿಜವಾದ ಸುಖ ತಿಳಿದದ್ದು ಅಗತ್ತಿಯಲ್ಲಿ. ದ್ವೀಪದ ಸುತ್ತ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಹಡಗಿನ ಪಕ್ಕದಲ್ಲಿ ದೋಣಿ ಮೊಣಕಾಲಿನಷ್ಟು ಎತ್ತರಕ್ಕೆ ಏರಿಳಿಯುತ್ತಿರುತ್ತದೆ. ಅದು ಮೇಲೆ ಬಂದ ಕ್ಷಣದಲ್ಲಿ, ಎರಡೂ ಬದಿಯಲ್ಲಿ ನಿಂತ ನಾವಿಕರ ಮುಂಗೈ ಹಿಡಿದು ಹೆಜ್ಜೆ ಇಡಬೇಕು. ಎರಡು ಕೈಯೂ ಖಾಲಿ ಇರಲೇಬೇಕಾದ ಹೊತ್ತು ಅದು. ಬೆನ್ನಿಗೆ ಅಂಟಿದ, ಅರ್ಧ ಖಾಲಿಯಾದ ಚೀಲದಲ್ಲಿ ನೀರು, ಟೋಪಿ, ಪಾಣಿಪಂಚೆ ಇದ್ದವು. ಆಗ ನೆನಪಾದದ್ದು ಅಜ್ಜ. ಕಾರವಾರದಿಂದ ಮುಂಬೈಗೆ ಆಗಬೋಟಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ, ದಡದಿಂದ ದೋಣಿಯಲ್ಲಿ ಹೋಗಿ ಹಡಗು ಹತ್ತಬೇಕಾಗಿದ್ದರಿಂದ, ಹೆಗಲಿಗೆ ಸಿಕ್ಕಿಸುವ ಒಂದು ಬಟ್ಟೆಗಂಟಿನ ಹೊರತು ತಾನು ಏನನ್ನೂ ಒಯ್ಯುತ್ತಿರಲಿಲ್ಲ ಎಂದು ಅವರು ಹೇಳುತ್ತಿದ್ದರು. ಅದು ಬಡತನದ ಮಾತೆಂದು ಚಿಕ್ಕವಳಿದ್ದಾಗ ತಿಳಿದಿದ್ದೆ.

ಅಗತ್ತಿಯ ದಂಡೆಯಲ್ಲಿ ಹವಳದ ತುಂಡುಗಳು ಬೇಕಾದಷ್ಟು ಬಿದ್ದಿರುತ್ತವೆ, ಆದರೆ ಅವನ್ನು ಒಯ್ಯುವುದು ಕಾನೂನಿನ ಪ್ರಕಾರ ಅಪರಾಧ. ಹೀಗಾಗಿ ಬರುವಾಗಲೂ ಚೀಲ ಬೆಳೆಯಲಿಲ್ಲ. ಕೊಚ್ಚಿಯಲ್ಲಿ ಕೊಂಡ ಒಂದು ಪೊಟ್ಟಣ ಏಲಕ್ಕಿ ಮಾತ್ರ ಹೊಸದಾಗಿ ಸೇರಿತ್ತು.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಮಲಗುವ ಮೊದಲೇ ಕೋಣೆಯ ಹೊರಗಿಡಲು ಹೇಳುತ್ತಾರೆ. ಬೆಳಗ್ಗೆ ಅವು ಹಡಗುಕಟ್ಟೆಯಲ್ಲಿ ಸಿಗುತ್ತವೆ. ಮೊದಲ ಸಲ ನಾವೂ ಹಾಗೆ ಮಾಡಿ, ಮರುದಿನ ಒಂದೇ ಬಣ್ಣದ ನೂರಾರು ಬ್ಯಾಗುಗಳ ನಡುವೆ ಮುಕ್ಕಾಲು ತಾಸು ಹುಡುಕಿದ್ದೆವು, ಕೆಟಲ್ಲಿಗಾಗಿ ಇನ್ನೊಂದು ಸಾಲಿನಲ್ಲಿ ನಿಂತಿದ್ದೆವು. ಈ ಸಲ ಸ್ವತಃ ಹೊತ್ತು ಇಳಿಯುತ್ತೇವೆಂದು ಸ್ವಾಗತ ಕೌಂಟರಿನಲ್ಲಿ ತಿಳಿಸಿದ್ದರಿಂದ, ಕೊನೆಯ ಕುರ್ತಾ ಬೆಳಗಿನವರೆಗೂ ಕೊಕ್ಕೆಯಲ್ಲೇ ತೂಗಿತ್ತು, ಮೊದಲ ಗುಂಪಿನಲ್ಲೇ ಹೊರಬಂದೆವು. ಮಧ್ಯಾಹ್ನದ ರೈಲು ಹತ್ತಿ, ನಸುಕಿಗೂ ಮೊದಲಿನ ಕತ್ತಲಲ್ಲಿ ಕುಮಟಾದಲ್ಲಿ ಇಳಿದಾಗ ಬೆನ್ನಿನ ಮೇಲೆ ಚೀಲವಿದ್ದುದೇ ನೆನಪಿರಲಿಲ್ಲ.

ಮನೆಗೆ ಬಂದು ಮತ್ತೆ ಎರಡು ರಾಶಿ ಮಾಡಿ ಎಣಿಸಿದೆ. ಬಳಕೆಯಾಗದೆ ಉಳಿದವು ಮಡಚುವ ಕೊಡೆ ಮತ್ತು ಒಂದು ಜೊತೆ ಒಳ ಉಡುಪು. ಇವೆರಡನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ಓದುವ ಕನ್ನಡಕದ ಇನ್ನೊಂದು ಜೊತೆಯನ್ನು ಸೇರಿಸಿದ್ದೇನೆ, ಏಕೆಂದರೆ ಇದ್ದ ಒಂದರ ಕಾಲು ಎರಡನೆಯ ದಿನವೇ ಮುರಿದು, ಉಳಿದ ಮೂರು ದಿನ ಊಟದ ಪಟ್ಟಿಯನ್ನು ನನ್ನವರೇ ಓದಿ ಹೇಳಬೇಕಾಯಿತು.