ನಿಯಮದಲ್ಲಿ ಇದ್ದದ್ದು, ನಾವೇ ಸೇರಿಸಿದ್ದು

ನಮ್ಮ ಚರ್ಚಿನಲ್ಲಿ ಆಗಾಗ ಸದಸ್ಯರ ಫೋಟೋ ಪುಸ್ತಕ ಅಚ್ಚಾಗುತ್ತದೆ. ಗಂಡ, ಹೆಂಡತಿ, ಮಕ್ಕಳು ಒಂದೇ ಚೌಕದಲ್ಲಿ. ಆರ್ಗನ್ ನುಡಿಸುವವರು ಗಂಡಸು. ಅವರು ಮಾತ್ರ ಒಂದು ಪುಟದಲ್ಲಿ, ಅವರ ಗಂಡ ಇನ್ನೊಂದು ಪುಟದಲ್ಲಿ ಇರುತ್ತಿದ್ದರು. ಇಬ್ಬರದ್ದೂ ಒಂದೇ ವಿಳಾಸ. ಫೋನ್ ನಂಬರ್ ಹುಡುಕೋಕೆ ಆ ಪುಸ್ತಕವನ್ನು ನಾನು ವರ್ಷಗಟ್ಟಲೆ ತಿರುವಿದ್ದೇನೆ. ಒಮ್ಮೆಯೂ ಇದು ಕಣ್ಣಿಗೆ ಬೀಳಲಿಲ್ಲ.

ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚಿಗೆ ಸೇರಿದ ಸಣ್ಣ ಸಭೆ ನಮ್ಮದು. 1972ರಲ್ಲಿ ಈ ಪಂಗಡ ತನ್ನ ನಿಯಮ ಪುಸ್ತಕದಲ್ಲಿ, ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದು ಬರೆಯಿತು. ಆಮೇಲೆ ಒಂದೊಂದೇ ನಿಷೇಧ ಬಂತು. ಗೇ ಎಂದು ತೆರೆದು ಹೇಳಿಕೊಂಡು ಬಾಳುವವರಿಗೆ ಪಾದ್ರಿ ಪಟ್ಟ ಇಲ್ಲ. ಅವರ ಮದುವೆ ನಮ್ಮ ಕಟ್ಟಡದಲ್ಲಿ ನಡೆಯಬಾರದು, ನಮ್ಮ ಪಾಸ್ಟರ್ ಅದನ್ನು ಮಾಡಿಸಬಾರದು. 2015ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅಂಥ ಮದುವೆಯನ್ನು ಒಪ್ಪಿತು, ಚರ್ಚ್ ಒಪ್ಪಲಿಲ್ಲ. 2019ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ವಿಶೇಷ ಮಹಾಸಭೆ ನಡೆದಾಗ 438–384 ಮತಗಳಿಂದ ನಿಷೇಧ ಇನ್ನೂ ಬಿಗಿಯಾಯಿತು. ಅಂಥ ಮದುವೆ ಮಾಡಿಸಿದ ಪಾಸ್ಟರ್‌ಗೆ ಮೊದಲ ಸಲ ಒಂದು ವರ್ಷ ಸಂಬಳವಿಲ್ಲದ ಅಮಾನತು. ಎರಡನೇ ಸಲ ಪಟ್ಟವೇ ಹೋಗುತ್ತಿತ್ತು.

ಅದಾದ ಮೇಲೆ ನಮ್ಮಲ್ಲೂ ಮಾತಾಡಲೇಬೇಕು ಅಂತ ಆಯಿತು. ಮಾತುಕತೆ ನಡೆಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಎಲ್ಲರ ಜೊತೆ ಚೆನ್ನಾಗಿರುತ್ತೇನೆ ಅನ್ನೋದೊಂದೇ ನನ್ನ ಅರ್ಹತೆ.

ಶುರುವಿನಲ್ಲೇ ಎಡವಿದೆ. ಗೇ ಸದಸ್ಯರನ್ನು ಮುಂದೆ ಕೂರಿಸಿ ಅವರ ಕಥೆ ಹೇಳಿಸಿದೆ. ಕೆಲವರು ಅತ್ತರು. ಕೆಲಸ ಆಗ್ತಿದೆ ಅಂದುಕೊಂಡೆ. ಮೂರನೇ ಸಂಜೆ ಒಬ್ಬಾಕೆ ಎದ್ದು, "ನಾನು ಇಲ್ಲಿಗೆ ಬರೋದು ಆರಾಧನೆಗೆ. ನಿಮ್ಮ ಮನಸ್ಸು ಕರಗಿಸೋಕಲ್ಲ" ಎಂದು ಹೇಳಿ ಕೋಟು ಹಾಕಿಕೊಂಡು ಹೊರಟರು. ಮಾರನೇ ದಿನ ಕ್ಷಮೆ ಕೇಳಿದೆ. ಅಂಥ ಸಂಜೆಗಳನ್ನು ಅಲ್ಲಿಗೇ ನಿಲ್ಲಿಸಿದೆ.

ಆ ದಿನಗಳಲ್ಲಿ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಲು ಹೋಗಿ ಸಿಕ್ಕಿಬಿದ್ದೆ. ಪತ್ರಿಕೆಗಳಲ್ಲಿ ಬರುವ ಕನ್ನಡ ಪದದಲ್ಲಿ 'ಕಾಮ' ಕೂತಿದೆಯಲ್ಲ, ಅಲ್ಲಿಗೇ ಮಾತು ನಿಂತಿತು. ಕೊನೆಗೆ, "ನಮ್ಮ ಆರ್ಗನ್ ನುಡಿಸುವವರು ಗಂಡನ ಜೊತೆ ಸಂಸಾರ ಮಾಡಿಕೊಂಡಿದ್ದಾರಮ್ಮ" ಅಂದೆ. "ಹಾಗನ್ನು ಮತ್ತೆ" ಅಂದರು.

ಆಮೇಲೆ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಡುವೆ ಗೆರೆ ಎಳೆದೆ. ಎಡಗಡೆ, ನಿಯಮ ಪುಸ್ತಕ ಬೇಡ ಎಂದದ್ದು. ಬಲಗಡೆ, ಯಾರೂ ಹೇಳದೆ ನಾವೇ ಬೇಡ ಮಾಡಿದ್ದು. ಎಡಗಡೆಯದು ಐದು ನಿಮಿಷದಲ್ಲಿ ಮುಗಿಯಿತು. ಬಲಗಡೆಗೆ ಮೂರು ವಾರ ಬೇಕಾಯಿತು. ಫೋಟೋ ಪುಸ್ತಕ ಅಲ್ಲೇ ಸಿಕ್ಕಿದ್ದು. ಮದುವೆಯ ವಾರ್ಷಿಕೋತ್ಸವಗಳನ್ನು ಭಾನುವಾರ ಓದಿ ಹೇಳುತ್ತೇವೆ, ಗೇ ಜೋಡಿಗಳದ್ದು ಓದಿಲ್ಲ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿ ಅಂತ ಅವರನ್ನು ಕೇಳಿಲ್ಲ. ಒಬ್ಬರ ಹೆಂಡತಿಗೆ ಕ್ಯಾನ್ಸರ್ ಆದಾಗ ಪ್ರಾರ್ಥನೆಯ ಪಟ್ಟಿಯಲ್ಲಿ 'ಆಕೆಯ ಗೆಳತಿ' ಎಂದು ಬರೆದಿದ್ದೆವು. ಅದನ್ನು ಬರೆದದ್ದು ನಾನೇ. ಬಾಗಿಲ ಮೇಲೆ ಮಾತ್ರ 'ಎಲ್ಲರಿಗೂ ಸ್ವಾಗತ'.

ಸತ್ಯವೇದ ಓದದೆ ಮುಂದೆ ಹೋಗುವಂತಿರಲಿಲ್ಲ. ಸಲಿಂಗ ಸಂಬಂಧ ತಪ್ಪು ಎನ್ನಲು ಎತ್ತಿ ತೋರಿಸುವ ಯಾಜಕಕಾಂಡ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ, ಎಲ್ಲ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯ. ಐಥಿಯೋಪ್ಯದ ಕಂಚುಕಿ, ಅಂದರೆ ಬೀಜ ತೆಗೆಸಿದ ಅರಮನೆಯ ಅಧಿಕಾರಿ, ನೀರು ಕಂಡು, ನನಗೆ ದೀಕ್ಷಾಸ್ನಾನ ಆಗಲು ಅಡ್ಡಿ ಏನು ಅಂತ ಕೇಳುತ್ತಾನೆ. ಅಡ್ಡಿ ಇತ್ತು. ಅಂಥವನು ಸಭೆಗೆ ಸೇರಬಾರದು ಅಂತ ಧರ್ಮೋಪದೇಶಕಾಂಡದಲ್ಲಿ ಬರೆದಿದೆ. ಜೊತೆಗಿದ್ದ ಸುವಾರ್ತೆ ಸಾರುವ ಫಿಲಿಪ್ಪನು ಆ ಮಾತೇ ಎತ್ತದೆ ನೀರಿಗಿಳಿದ.

ಎಲ್ಲರೂ ಇದಕ್ಕೆ ಒಲಿಯಲಿಲ್ಲ. ನನಗೆ ಈ ಊರಲ್ಲಿ ಯಾರೂ ಇಲ್ಲದಾಗ ಜೊತೆ ನಿಂತ ಹಿರಿಯರೊಬ್ಬರಿದ್ದರು. "ಬಲಗಡೆ ಇರೋದೆಲ್ಲ ನಮ್ಮ ತಪ್ಪು, ಸರಿಮಾಡೋಣ. ಎಡಗಡೆ ಮಾತ್ರ ನನ್ನಿಂದಾಗದು" ಅಂದರು. ಅವರಲ್ಲಿ ದ್ವೇಷ ಇರಲಿಲ್ಲ. ಹಾಗೆ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಲಗಡೆಯದನ್ನು ಮತಕ್ಕೆ ಹಾಕಲಿಲ್ಲ, ಸುಮ್ನೆ ಮಾಡಿದೆವು. ಪೂರ್ತಿ ಒಳಗೊಳ್ಳುತ್ತೇವೆ ಎಂಬ ಹೇಳಿಕೆಗೆ ಮಾತ್ರ ಚೀಟಿಯಲ್ಲಿ ಮತ ಹಾಕಿಸಿದೆ. ಕೈ ಎತ್ತಿಸಿದ್ದರೆ ನೆರೆಹೊರೆ ಒಡೆಯುತ್ತಿತ್ತು. ನಾಲ್ಕರಲ್ಲಿ ಮೂರು ಪಾಲು ಬೇಕು ಅಂತ ಮೊದಲೇ ಒಪ್ಪಿದ್ದೆವು. ದಾಟಿದೆವು, ಕೂದಲೆಳೆಯಲ್ಲಿ.

ಈ ವಿಷಯಕ್ಕಾಗಿ ಪಂಗಡ ಬಿಡುವ ಸಭೆಗಳು ಮೂರನೇ ಎರಡು ಮತ ಇದ್ದರೆ, ಬಾಕಿ ಕಟ್ಟಿ, ಕಟ್ಟಡದ ಸಮೇತ ಹೋಗಬಹುದು ಎಂಬ ನಿಯಮ 2023ರ ಕೊನೆಯವರೆಗೆ ಇತ್ತು. ಅಮೆರಿಕದ ಸಭೆಗಳಲ್ಲಿ ಸುಮಾರು ಕಾಲು ಭಾಗ, ಏಳು ಸಾವಿರಕ್ಕೂ ಜಾಸ್ತಿ, ಹಾಗೆ ಹೋದವು. ನಮ್ಮ ಹಿರಿಯರು ಅಂಥದ್ದೊಂದಕ್ಕೆ ಸೇರಿದರು. ಹೋಗುವ ಮುಂಚೆ ಮನೆಗೆ ಬಂದು ಹೇಳಿದರು. ಅವರ ಬೆಂಚಿನಲ್ಲಿ ನಾನು ಇನ್ನೂ ಕೂರುವುದಿಲ್ಲ.

2024ರ ಮೇ ತಿಂಗಳಲ್ಲಿ ಷಾರ್ಲಟ್‌ನ ಮಹಾಸಭೆ ಪಟ್ಟದ ಮೇಲಿನ ನಿಷೇಧವನ್ನು 692–51 ಮತಗಳಿಂದ ತೆಗೆಯಿತು. ಚರ್ಚೆಯೂ ಆಗಲಿಲ್ಲ. ಮಾರನೇ ದಿನ 1972ರ ಮಾತೂ ಹೋಯಿತು. ನಮ್ಮ ಎಡಗಡೆ ಪಟ್ಟಿ ಖಾಲಿ.

ಆ ಭಾನುವಾರ ಆರ್ಗನ್ ಹತ್ತಿರ ಹೋಗಿ, "ಇನ್ನು ಇಲ್ಲೇ ಮದುವೆ ಮಾಡಿಕೊಳ್ಳಬಹುದು ಅಲ್ವಾ?" ಅಂದೆ. "ನಮ್ಮದು 2015ರಲ್ಲೇ ಆಗಿದೆ, ಒಂದು ಸಾಕು" ಅಂತ ನಕ್ಕರು. ಆಮೇಲೆ ಫೋಟೋ ಪುಸ್ತಕ ಮತ್ತೆ ಯಾವಾಗ ಅಂತ ಕೇಳಿದರು. ಕಳೆದ ಸಲ ಇಬ್ಬರೂ ಒಂದೇ ಚೌಕದಲ್ಲಿ ಬಂದಿದ್ದರು. ಆದರೆ ಗಂಡ ಕಣ್ಣು ಮುಚ್ಚಿದ್ದರಂತೆ.